ಮೂರು ದಿನ ರಜಾ, ಹುಬ್ಬಳ್ಳಿ ಮುಕ್ಕಾಮು: ಗದಗ-ಹಾವೇರಿ ಕಡೆ ಸುತ್ತೋದು ಹೆಂಗ?

ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದೂವರಿಗೆ ಲಕ್ಕುಂಡಿ ಗುಡಿ ಕಲ್ಲಿನ ಮ್ಯಾಲ ಬರಿಗಾಲಿಲೆ ನಿಂತು ನೋಡ್ರಿ, ಚಾಲುಕ್ಯರ ಶಿಲ್ಪಕಲೆ ಯಾರಿಗೂ ನೆನಪಾಗಂಗಿಲ್ಲ, ಚಪ್ಪಲಿ ಎಲ್ಲಿ ಬಿಟ್ಟೀವಿ ಅನ್ನೋದಷ್ಟ ನೆನಪಾಗ್ತೈತಿ. ಬೆಂಗಳೂರಿಂದ ಅಕ್ಕಾರು, ಮಾಮಾರು, ಅವರ ಎರಡು ಹುಡುಗೂರು ಬಂದಿದ್ರು, ನಾನು ಹುರುಪಿನ್ಯಾಗ ಒಂದ ದಿನಕ್ಕ ಏಳು ಜಾಗದ ಲಿಸ್ಟ್ ಮಾಡಿದ್ದೆ. ಮೂರನೇ ಜಾಗಕ್ಕ ಸಣ್ಣ ಹುಡುಗ ಅಳಾಕ ಹತ್ತಿತು, ನಾಲ್ಕನೇದಕ್ಕ ಅಕ್ಕ ಕಾರಿನಿಂದ ಇಳಿಯಲೇ ಇಲ್ಲ, ಐದನೇದಕ್ಕ ಡ್ರೈವರ್ ತಿರುಗಿ "ಸರ, ಊಟ ಮಾಡೂಣು ಸಾಕ್ರಿ" ಅಂದ. ಅವತ್ತಿಂದ ಲಿಸ್ಟ್ ಮಾಡೋದು ಬಿಟ್ಟೀನಿ, ಬಿಸಿಲು ನೋಡಿ ಪ್ಲಾನ್ ಮಾಡ್ತೀನಿ. ಆಮ್ಯಾಲ ಬಂದ ಬೀಗರು, ಆಫೀಸಿನ ಗೆಳೆಯಾರು, ಅವರ ಮನಿಯವ್ರು, ಎಲ್ಲಾರನ್ನೂ ಇದ ಲೆಕ್ಕದ ಮ್ಯಾಲ ಕಳಿಸೀನಿ, ಯಾರೂ ಅತ್ತಿಲ್ಲ.

ಹುಬ್ಬಳ್ಳಿ ಅಂದ್ರ ಮಂದಿಗೆ ಗೋವಾಕ್ಕೋ ದಾಂಡೇಲಿಗೋ ಹೋಗೋ ಮುಂದ ಚಾ ಕುಡಿಯೋ ಸ್ಟಾಪು ಅಷ್ಟ. ಇಲ್ಲೇ ಮೂರು ರಾತ್ರಿ ಉಳಿದು, ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೋಗಿ ಬಂದ್ರ ರೂಮು ಖಾಲಿ ಮಾಡಿ ಬ್ಯಾಗು ಹೊತ್ಕೊಂಡು ತಿರುಗೋ ತಾಪತ್ರಯ ಇಲ್ಲ. ಹೆಂಗ ಅಂತ ಒಂದೊಂದ ಹೇಳ್ತೀನಿ.

1. ಮೊದಲ ತಿಂಗಳು ಆರಿಸ್ರಿ

ನವೆಂಬರ್‌ದಿಂದ ಫೆಬ್ರವರಿ ಮೊದಲ ವಾರದ ತನಕ ಬರ್ರಿ, ಬ್ಯಾರೆ ಮಾತಿಲ್ಲ. ಗದಗ ಕಡೆ ಎರೆ ಹೊಲದಾಗ ಬಿಳಿಜ್ವಾಳ, ಕಡ್ಲಿ ನಿಂತಿರ್ತಾವ, ಮಾಗಡಿ ಕೆರಿಗೆ ಹಕ್ಕಿ ಬಂದಿರ್ತಾವ, ಮಧ್ಯಾಹ್ನದಾಗೂ ಗುಡಿ ಅಂಗಳದಾಗ ಓಡಾಡಬಹುದು. ಮಳಿಗಾಲ ಧಾರವಾಡಕ್ಕ ಛಲೋ, ಆ ಕಡೆ ಮಲೆನಾಡಿನ ಸೆರಗು ಅಲ್ಲೇನ್ರಿ, ಜಿಟಿಜಿಟಿ ಮಳಿಯೊಳಗ ಊರು ಭಾಳ ಚೆಂದ ಕಾಣ್ತೈತಿ. ಗದಗಿನ ಕಪ್ಪತಗುಡ್ಡನೂ ಮಳಿಗಾಲದಾಗ ಹಸರಾಗಿರ್ತೈತಿ, ಆದ್ರ ಮ್ಯಾಲ ಗಾಳಿ ಹೆಂಗಿರ್ತೈತಿ ಅಂದ್ರ ಟೋಪಿ ಹಾಕ್ಕೊಂಡು ಹೋದವ್ರು ಟೋಪಿ ಹಾಕ್ಕೊಂಡ ವಾಪಸ್ ಬರ್ತಾರ ಅನ್ನೋ ಗ್ಯಾರಂಟಿ ಇಲ್ಲ. ಮಾರ್ಚ್ ಆಖರಿಯಿಂದ ಮೇ ತನಕ ಬರಲೇಬೇಕಂದ್ರ ಮುಂಜಾನೆ ಆರೂವರಿಗೆ ಗಾಡಿ ಬಿಡ್ರಿ, ಹನ್ನೊಂದೂವರಿಗೆ ನೆರಳಿಗೆ ಸೇರ್ರಿ, ನಾಲ್ಕರ ತನಕ ಹೊರಗ ಕಾಲಿಡಬ್ಯಾಡ್ರಿ.

2. ಗಾಡಿನೋ, ಬಸ್ಸೋ, ರೈಲೋ

ಹುಬ್ಬಳ್ಳಿ-ಧಾರವಾಡ ನಡುವ ಗಾಡಿ ಬ್ಯಾಡ, ಚಿಗರಿ ಬಸ್ಸು ಐತಿ. ಎಸಿ ಬಸ್ಸು, ಅದಕ್ಕ ಬ್ಯಾರೆ ದಾರಿ, ಟಿಕೆಟ್ ಬಸ್ಸಿನ್ಯಾಗ ಅಲ್ಲ ಸ್ಟೇಷನ್ ಕೌಂಟರಿನ್ಯಾಗ ಮೊದಲ ತಗೋಬೇಕು. ನಡುವ ಇಳಿಯೋರಿದ್ರ ಎಲ್ಲಾ ಸ್ಟೇಷನ್‌ದಾಗ ನಿಲ್ಲೋ ಬಸ್ಸು ಹತ್ರಿ, ಎಕ್ಸ್‌ಪ್ರೆಸ್ ಹತ್ತಿದ್ರ ನಿಮ್ಮ ಸ್ಟಾಪು ಕಿಡಕಿಯೊಳಗ ಹಿಂದ ಹೋಗೋದು ನೋಡ್ಕೋತ ಕೂಡಬೇಕಾಗ್ತೈತಿ.

ಗದಗಿಗೆ ರೈಲು ಮಸ್ತ್, ಸುಮಾರು 58 ಕಿಲೋಮೀಟರ್, ಒಂದು ತಾಸಿನ ಹಾದಿ. ಆದ್ರ ಅಲ್ಲಿಂದ ಲಕ್ಕುಂಡಿ, ಡಂಬಳ ಅಂತ ಒಳಗ ತಿರುಗಾಕ ಬಸ್ಸೋ ಟಂಟಂನೋ ಹಿಡೀಬೇಕು. ಒಬ್ಬರೋ ಇಬ್ಬರೋ ಇದ್ರ ಅದ ಮಜಾ, ಪಕ್ಕದಾಗ ಕೂತ ಅಜ್ಜ "ಯಾವೂರ್ರೀ ನಿಮ್ದು" ಅಂತ ಶುರು ಮಾಡಿದ್ರ ಊರು ಬರೋ ತನಕ ನಿಮ್ಮ ಜಾತಕ ಎಲ್ಲಾ ಕೇಳಿ ಮುಗಿಸಿರ್ತಾನ. ವಯಸ್ಸಾದವ್ರು, ಸಣ್ಣ ಹುಡುಗೂರು ಇದ್ರ ಮಾತ್ರ ಎರಡನೇ ಮತ್ತ ಮೂರನೇ ದಿನಕ್ಕ ಬಾಡಿಗಿ ಕಾರು ಮಾಡ್ರಿ.

ಕಾರು ಮಾಡೋ ಮುಂದ ನಾಲ್ಕು ಮಾತು ಬಾಯ್ಲೆ ಕೇಳಿ ಸುಮ್ಮನಾಗಬ್ಯಾಡ್ರಿ, ವಾಟ್ಸಾಪ್‌ನ್ಯಾಗ ಬರಿಸ್ಕೊಳ್ರಿ: ಕಿಲೋಮೀಟರಿಗೆ ಎಷ್ಟು, ದಿನಕ್ಕ ಮಿನಿಮಮ್ ಎಷ್ಟು ಕಿಲೋಮೀಟರ್ ಹಿಡೀತಾರ, ಡ್ರೈವರ್ ಭತ್ಯೆ ಎಷ್ಟು, ಟೋಲ್ ಯಾರು ಕೊಡೋದು. ನಾನು ಒಮ್ಮೆ ಕೇಳಲಾರದ ಹೋಗಿ, ರಾತ್ರಿ ಮನಿ ಮುಂದ ನಿಂತು ಅರ್ಧ ತಾಸು ವಾದ ಮಾಡಿ, ಕಡೀಕ ಅವ ಹೇಳಿದ್ದ ಕೊಟ್ಟು ಒಳಗ ಹೋದೆ. ಕೆಳಗ ಹೇಳಿರೋ ಗದಗ ಸುತ್ತು ಬರೋಬ್ಬರಿ 180 ಕಿಲೋಮೀಟರ್ ಆಜುಬಾಜು ಆಗ್ತೈತಿ, ಅದನ್ನ ಹೇಳಿ ರೇಟು ಮಾತಾಡ್ರಿ.

ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಐತಿ, 2023ರ ಜೂನ್‌ದಿಂದ ಸಾದಾ ಮತ್ತ ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನ್ಯಾಗ ಟಿಕೆಟ್ ರೊಕ್ಕ ಇಲ್ಲ. ಕರ್ನಾಟಕದ ವಿಳಾಸ ಇರೋ ಆಧಾರ್ ಕೈಯಾಗ ಇರಲಿ. ಎಸಿ, ಸ್ಲೀಪರ್, ರಾಜಹಂಸದಾಗ ಇದು ನಡೆಯಂಗಿಲ್ಲ. ಇನ್ನೊಂದು, ಹುಬ್ಬಳ್ಳ್ಯಾಗ ಬಸ್‌ಸ್ಟ್ಯಾಂಡು ಒಂದಲ್ಲ. ಹಳೇ ಬಸ್‌ಸ್ಟ್ಯಾಂಡು, ಹೊಸೂರು, ಗೋಕುಲ ರೋಡು ಅಂತ ಬ್ಯಾರೆ ಬ್ಯಾರೆ ಅದಾವ, ನಿಮ್ಮ ಬಸ್ಸು ಎಲ್ಲಿಂದ ಬಿಡ್ತೈತಿ ಅಂತ ಲಾಡ್ಜಿನವ್ರನ್ನ ಕೇಳಿ ಆಟೋ ಹತ್ರಿ.

3. ಚೀಲದಾಗ ಏನಿರಬೇಕು

ಕಾಲಚೀಲ. ನಗಬ್ಯಾಡ್ರಿ, ಹಳೇವು ಎರಡು ಜೊತೆ ದಪ್ಪನ ಕಾಲಚೀಲ ಇದ್ರ ಕಾದ ಕಲ್ಲಿನ ಮ್ಯಾಲ ರಾಜನಂಗ ತಿರುಗಬಹುದು. ಒಂದು ಟಾರ್ಚ್, ಗರ್ಭಗುಡಿ ಮುಂದಿನ ಮಂಟಪದ ಮಾಳಿಗಿ ಕತ್ತಲಾಗಿರ್ತೈತಿ, ಮೊಬೈಲ್ ಬೆಳಕು ಅಲ್ಲಿ ತನಕ ಮುಟ್ಟಂಗಿಲ್ಲ. ಹತ್ತು-ಇಪ್ಪತ್ತರ ನೋಟು, ನೀರು, ಒಂದು ಬಾಟ್ಲಿ ಮಜ್ಜಿಗಿ. ಮತ್ತ ಯಾರೂ ಬರಿಯಂಗಿಲ್ಲ, ನಾ ಬರೀತೀನಿ: ಹಳ್ಳಿ ಗುಡಿಗಳ ಹತ್ರ ಶೌಚಾಲಯಕ್ಕ ನೆಚ್ಚಿಕೊಳ್ಳಬ್ಯಾಡ್ರಿ. ಗದಗ, ಹಾವೇರಿ ಊರಾಗ ನಾಷ್ಟಾ ಮಾಡಿದ ಹೊಟೇಲಿನ್ಯಾಗ ಮುಗಿಸಿಕೊಂಡ ಹೊರಡ್ರಿ, ಹೆಣ್ಮಕ್ಕಳು ಇದ್ರಂತೂ ಇದನ್ನ ಪ್ಲಾನಿನ್ಯಾಗ ಸೇರಿಸ್ರಿ.

4. ಮೊದಲನೇ ದಿನ: ಹುಬ್ಬಳ್ಳಿ-ಧಾರವಾಡ, ಆರಾಮ

ರೈಲಿನ್ಯಾಗ ನಿದ್ದಿಗೆಟ್ಟು ಬಂದಿರ್ತೀರಿ, ಹಂಗಾಗಿ ಈ ದಿನ ದೂರ ಬ್ಯಾಡ. ಸ್ನಾನ, ನಾಷ್ಟಾ ಮುಗಿಸಿ ಚಿಗರಿ ಹತ್ತಿ ಉಣಕಲ್‌ದಾಗ ಇಳೀರಿ. ಅಲ್ಲಿ ಮನಿಗಳ ನಡುವ ಚಂದ್ರಮೌಳೇಶ್ವರ ಗುಡಿ ಕೂತೈತಿ, ಚಾಲುಕ್ಯರ ಕಾಲದ್ದು, ನಾಲ್ಕು ಮುಖದ ಲಿಂಗ ಇರೋದು. ಹುಬ್ಬಳ್ಳ್ಯಾಗ ಹುಟ್ಟಿ ಬೆಳೆದ ಮಂದಿನೂ ಎಷ್ಟೋ ಜನ ಈ ಗುಡಿ ನೋಡಿಲ್ಲ, ಕೆರಿ ದಂಡಿಗೆ ಗಾಳಿ ತಗೊಂಡು ವಾಪಸ್ ಬರ್ತಾರ. ಅರ್ಧ ತಾಸು ಸಾಕು.

ಮತ್ತ ಬಸ್ಸು ಹತ್ತಿ ಧಾರವಾಡ. ಸಾಧನಕೇರಿಗೆ ಹೋಗ್ರಿ, ಬೇಂದ್ರೆ ಅಜ್ಜಾರ ಮನಿ, ಪಕ್ಕದಾಗ ಬೇಂದ್ರೆ ಭವನ, ಮುಂದ ಕೆರಿ. ಕವಿತಾ ಓದಿದವ್ರಿಗೆ ಅಲ್ಲಿ ಎರಡು ತಾಸು ಬೇಕು, ಓದದವ್ರಿಗೆ ಇಪ್ಪತ್ತು ನಿಮಿಷ. ಊರಾಚೆ ಸೋಮೇಶ್ವರ ಗುಡಿ ಹತ್ರ ಶಾಲ್ಮಲಾ ನದಿ ಹುಟ್ಟತೈತಿ, ಟೈಮ್ ಇದ್ರ ನೋಡ್ರಿ. 1890ರಾಗ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದ ಹಾದು ಹೋದ್ರ ಒಳಗ ಏನರ ಕಾರ್ಯಕ್ರಮ ನಡೆದೈತೇನು ಅಂತ ಇಣುಕ್ರಿ.

ಪೇಢೆ ವಿಷಯಕ್ಕ ಬರೂಣು. ಲೈನ್ ಬಜಾರಿನ್ಯಾಗ ಸಿಗೋದು ಠಾಕೂರ್ ಮನೆತನದ್ದು, ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗ್ ಕಾಲಕ್ಕ ಬಂದು ಇಲ್ಲಿ ನೆಲಿ ನಿಂತವ್ರು. ಊರ ತುಂಬ ಕಾಣೋದು ಮಿಶ್ರಾ ಪೇಢೆ. ಯಾವುದು ಛಲೋ ಅಂತ ಧಾರವಾಡದಾಗ ಕೇಳಬ್ಯಾಡ್ರಿ, ಜಗಳ ಹತ್ತತೈತಿ. ನನ್ನ ಕೇಳಿದ್ರ ಎರಡೂ ಕಡೆ ಕಾಲು-ಕಾಲು ಕಿಲೋ ತಗೊಂಡು ಮನ್ಯಾಗ ಪಂಚಾಯ್ತಿ ಮಾಡ್ರಿ. ಪೇಢೆ ಡಬ್ಬಿ ಬಿಸಿಲಿಗೆ ನಿಂತ ಕಾರಿನ್ಯಾಗ ಇಟ್ರ ಕೆಡತೈತಿ, ಅದಕ್ಕ ಇವತ್ತು ತಿನ್ನೋವಷ್ಟ ತಗೊಳ್ರಿ, ಊರಿಗೆ ಒಯ್ಯೋದನ್ನ ಹೊರಡೋ ದಿನ ತಗೊಳ್ರಿ.

ಸಂಜಿಗೆ ಹುಬ್ಬಳ್ಳಿಗೆ ವಾಪಸ್, ಸಿದ್ಧಾರೂಢ ಮಠದಾಗ ಒಂದು ತಾಸು ಸುಮ್ಮನ ಕೂಡ್ರಿ, ಆಮ್ಯಾಲ ದುರ್ಗದಬೈಲ್. ಗಿರಮಿಟ್ ಮಾಡೋದನ್ನ ಹತ್ರ ನಿಂತು ನೋಡ್ರಿ: ಹುಣಸಿಹುಳಿ, ಬೆಲ್ಲ, ಉಳ್ಳಾಗಡ್ಡಿ ಕುದಿಸಿ ಇಟ್ಟಿರೋ ಮಸಾಲಿ ಬೋಗುಣಿಗೆ ಬೀಳತೈತಿ, ಅದರ ಮ್ಯಾಲ ಚುರಮುರಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೌಟಿಲೆ ನಾಲ್ಕು ಸಲ ಮ್ಯಾಲ-ಕೆಳಗ, ಪೇಪರಿನ್ಯಾಗ ಹಾಕಿ ಕೊಟ್ಟ ಮ್ಯಾಲ ಎರಡು ನಿಮಿಷದಾಗ ತಿನ್ನಬೇಕು. ಫೋಟೋ ತಗಿಯೋದ್ರಾಗ ಟೈಮ್ ಹಾಳು ಮಾಡಿದ್ರ ಚುರಮುರಿ ಮೆತ್ತಗಾಗಿ ಉಪ್ಪಿಟ್ಟಿನಂಗ ಆಗ್ತೈತಿ. ಜೊತಿಗೆ ಮಿರ್ಚಿ ತಗೋಳಾಕಬೇಕು, ಅದಕ್ಕ ಮಾಫಿ ಇಲ್ಲ.

5. ಎರಡನೇ ದಿನ: ಗದಗ ದಿಕ್ಕು, ಇಲ್ಲಿ ಲಗೂ ಏಳಬೇಕು

ಆರೂವರಿಗೆ ಹುಬ್ಬಳ್ಳಿ ಬಿಡ್ರಿ. ಹಾದಿಯೊಳಗ ಅಣ್ಣಿಗೇರಿ, ಪಂಪ ಹುಟ್ಟಿದ ಊರು, ಅಮೃತೇಶ್ವರ ಗುಡಿ ಐತಿ, ಆದ್ರ ಹೋಗೋ ಮುಂದ ನಿಲ್ಲಬ್ಯಾಡ್ರಿ. ಗದಗದಾಗ ನಾಷ್ಟಾ ಮಾಡಿ ಸೀದಾ ಲಕ್ಕುಂಡಿಗೆ, ಗದಗಿಂದ ಮುಂದ 12 ಕಿಲೋಮೀಟರ್, ಕೊಪ್ಪಳ ಹಾದಿ. ಒಂಬತ್ತರೊಳಗ ಅಲ್ಲಿ ಇರಬೇಕು. ಯಾಕಂದ್ರ ಮುಂಜಾನೆಯ ಓರೆ ಬಿಸಿಲಿನ್ಯಾಗ ಕೆತ್ತನಿ ಎದ್ದು ಕಾಣ್ತೈತಿ, ನೆತ್ತಿ ಮ್ಯಾಲ ಸೂರ್ಯ ಬಂದ ಮ್ಯಾಲ ಎಲ್ಲಾ ಒಂದ ಬಣ್ಣ.

ಲಕ್ಕುಂಡಿಯೊಳಗ 101 ಗುಡಿ, 101 ಬಾವಿ ಅಂತ ಊರ ಮಂದಿ ಹೇಳ್ತಾರ. ನೀವು ಮೂರ ನೋಡ್ರಿ, ನೆಟ್ಟಗ ನೋಡ್ರಿ.

ಮೊದಲನೇದು ಕಾಶಿ ವಿಶ್ವೇಶ್ವರ. ಎರಡು ಗುಡಿ ಎದುರಾಬದುರಾ ಅದಾವ, ದೊಡ್ಡದು ಶಿವಂದು ಪೂರ್ವಕ್ಕ ಮುಖ ಮಾಡೈತಿ, ಸಣ್ಣದು ಸೂರ್ಯಂದು ಪಶ್ಚಿಮಕ್ಕ. ಬಾಗಲ ಚೌಕಟ್ಟಿನ ಮುಂದ ಹತ್ತು ನಿಮಿಷ ನಿಲ್ಲಲೇಬೇಕು. ಒಂದರ ಪಕ್ಕ ಒಂದು ಪಟ್ಟಿ ಪಟ್ಟಿ ಕೆತ್ತನಿ, ಬಳ್ಳಿ, ಬಳ್ಳಿ ಸುರುಳಿಯೊಳಗ ಸಣ್ಣ ಸಣ್ಣ ಗೊಂಬಿ, ಟಾರ್ಚ್ ಬೆಳಕನ್ನ ಮುಂದಿಂದ ಬಿಡಬ್ಯಾಡ್ರಿ, ಗೋಡಿಗೆ ಹತ್ತಿಸಿ ಬಗಲಿನಿಂದ ಬಿಡ್ರಿ, ಆಗ ಕಣ್ಣಿಗೆ ಕಾಣದ್ದು ಎಷ್ಟೋ ಹೊರಗ ಬರ್ತೈತಿ. ಇದು ಬಳಪದ ಕಲ್ಲು, ಮೆತ್ತಗ, ಅದಕ್ಕ ಇಷ್ಟು ನಾಜೂಕು ಕೆಲಸ ಆಗೈತಿ. ಒಳಗಿನ ಕಂಬಗಳಿಗೆ ಬೆರಳು ಹಚ್ಚಬ್ಯಾಡ್ರಿ, ಕಣ್ಣಿಲೆ ನೋಡ್ರಿ, ತಿರುಗಣಿಗೆ ಹಾಕಿ ಕಡೆದದ್ದಕ್ಕ ಬಳಿ ಸರ ಇಟ್ಟಂಗ ಗೆರಿ ಬಂದಾವ.

ಎರಡನೇದು ಬ್ರಹ್ಮ ಜಿನಾಲಯ. ದಾನಚಿಂತಾಮಣಿ ಅತ್ತಿಮಬ್ಬೆ 1007ರಾಗ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನ ಸಾವಿರ ಪ್ರತಿ ಬರೆಸಿ ಹಂಚಿದಾಕಿ ಈಕಿನ, ಆಗೇನು ಪ್ರಿಂಟಿಂಗ್ ಪ್ರೆಸ್ ಇತ್ತೇನ್ರಿ, ಒಂದೊಂದೂ ಓಲಿಗರಿ ಮ್ಯಾಲ ಕೈಲೆ ಬರೀಬೇಕು. ಬಸದಿಯೊಳಗ ನಾಲ್ಕು ಮುಖದ ಬ್ರಹ್ಮ ನಿಂತಾನ, ಹುಡುಗೂರಿಗೆ ಎಷ್ಟು ಮುಖ ಕಾಣ್ತಾವ ಎಣಿಸು ಅನ್ರಿ, ಐದು ನಿಮಿಷ ನಿಮ್ಮ ತಲಿ ತಿನ್ನಂಗಿಲ್ಲ.

ಮೂರನೇದು ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ. ಮೂರು ಕಡೆ ಮೆಟ್ಟಲ, ಗೋಡಿಯೊಳಗ ಸಣ್ಣ ಸಣ್ಣ ಗೂಡುಗುಡಿ. ಮ್ಯಾಲ ನಿಂತ್ರ ಬಿಸಿಲು ಸುಡತೈತಿ, ಹತ್ತು ಮೆಟ್ಟಲ ಇಳಿದ್ರ ಮೈಗೆ ತಂಪು ತಾಗತೈತಿ, ಮಾತಾಡಿದ್ರ ದನಿನೂ ಬ್ಯಾರೆ ಕೇಳಸತೈತಿ. ಮೆಟ್ಟಲ ಕಡಿದಾಗಿ ಅದಾವ, ಮಳಿ ಬಂದಿದ್ರ ಪಾಚಿ ಇರ್ತೈತಿ, ಮಣಕಾಲು ನೋವಿನವ್ರನ್ನ ಮ್ಯಾಲ ಕೂಡಿಸ್ರಿ, ಇಳಸಬ್ಯಾಡ್ರಿ. ಮೂರ್ತಿಗಳ ಮ್ಯೂಸಿಯಂನೂ ಊರಾಗ ಐತಿ, ವಾರದ ರಜಾ ಯಾವತ್ತು ಅಂತ ಮೊದಲ ನೋಡ್ಕೊಂಡು ಹೋಗ್ರಿ.

ಹನ್ನೊಂದೂವರಿಗೆ ಲಕ್ಕುಂಡಿ ಬಿಟ್ಟು ಗದಗಿಗೆ. ವೀರನಾರಾಯಣ ಗುಡಿ ಒಳಗ ತಂಪೈತಿ, ಈ ಹೊತ್ತಿಗೆ ಅದ ಛಲೋ, ಮಧ್ಯಾಹ್ನ ಬಾಗಲ ಹಾಕೋದ್ರೊಳಗ ಮುಟ್ಟಿರಿ ಅಷ್ಟ. ಅಲ್ಲಿ ಒಂದು ಕಂಬ ಐತಿ, ಅದಕ್ಕ ಆತು ಕೂತು ಕುಮಾರವ್ಯಾಸ ಭಾರತ ಬರೆದ ಅಂತಾರ, ಮಿಂದು ಒದ್ದಿ ಬಟ್ಟಿಯೊಳಗ ಕೂತು, ಬಟ್ಟಿ ಆರೋ ತನಕ ಬರೀತಿದ್ದನಂತ. ನಮ್ಮ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವ. ತ್ರಿಕೂಟೇಶ್ವರ ಗುಡಿ ಆವರಣದಾಗಿನ ಸರಸ್ವತಿ ಗುಡಿಯ ಕಂಬಗಳನ್ನ ಮಾತ್ರ ಬಿಡಬ್ಯಾಡ್ರಿ. ಸಂಗೀತ ಹುಚ್ಚಿದ್ರ ವೀರೇಶ್ವರ ಪುಣ್ಯಾಶ್ರಮಕ್ಕ ಹೋಗ್ರಿ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಹುಡುಗೂರಿಗೆ ಹಾಡು ಕಲಿಸಿದ ಜಾಗ.

ಊಟ ಖಾನಾವಳಿಯೊಳಗ: ಜ್ವಾಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನಿಮೊಸರು, ಹಸಿ ಮೆಂತೆಪಲ್ಯ. ಖಾರ ತಡೆಯೋರಾದ್ರ ಸಾವಜಿ, ಮಟನ್ ಪ್ರೇಮಿಗಳಿಗೆ ಸ್ವರ್ಗ, ಆದ್ರ ಮುಂದ ಎರಡು ತಾಸು ಕಾರಿನ್ಯಾಗ ಕೂಡೋದೈತಿ ಅನ್ನೋದು ನೆನಪಿರಲಿ. ಸಂಜಿ ಮುಂದ ಬಜ್ಜಿ ಅಂಗಡ್ಯಾಗ ಬದನಿಕಾಯಿ ಬಜ್ಜಿ ಕೇಳ್ರಿ, ಗದಗ-ಬೆಟಗೇರಿಯೊಳಗ ಅದಕ್ಕ ಬ್ಯಾರೆ ಮರ್ಯಾದಿ ಐತಿ.

ಊಟದ ಮ್ಯಾಲ ಎರಡು ದಾರಿ, ಎರಡೂ ಮಾಡ್ತೀನಿ ಅನ್ನಬ್ಯಾಡ್ರಿ. ಚಳಿಗಾಲ ಇದ್ರ ಮಾಗಡಿ ಕೆರಿ, ಗದಗಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲ್ಲೂಕು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಇಲ್ಲಿ ಹಿಂಡು ಹಿಂಡಾಗಿ ಇಳೀತಾವ, ತಲಿ ಮ್ಯಾಲ ಎರಡು ಕರಿ ಪಟ್ಟಿ ಇರ್ತಾವ, ಗುರುತು ಹಿಡಿಯೋದು ಸುಲಭ. ಮೀನು ತಿನ್ನೋ ಹಕ್ಕಿ ಅಲ್ಲ, ಸುತ್ತಲ ಹೊಲಕ್ಕ ಹೋಗಿ ಶೇಂಗಾ, ಕಾಳು-ಕಡಿ ಮೇದು ಬಂದು ಕೆರಿಯೊಳಗ ಕೂಡತಾವ. 2024ರಾಗ ಈ ಕೆರಿಗೆ ರಾಮ್ಸಾರ್ ಮಾನ್ಯತೆ ಸಿಕ್ಕೈತಿ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ಜಾಗಗಳ ಪಟ್ಟಿಯೊಳಗ ಸೇರೈತಿ. ಕೆಂಪು, ಹಳದಿ ಅಂಗಿ ಬ್ಯಾಡ, ದಂಡಿಗೆ ಹಾಡು ಹಚ್ಚಬ್ಯಾಡ್ರಿ, ಬೈನಾಕ್ಯುಲರ್ ಇದ್ರ ತರ್ರಿ. ಅಲ್ಲಿಂದ ಲಕ್ಷ್ಮೇಶ್ವರ 11 ಕಿಲೋಮೀಟರ್, ಪಂಪ ಹೊಗಳಿದ ಪುಲಿಗೆರೆ ಇದ ಊರು, ಸೋಮೇಶ್ವರ ಗುಡಿ ನೋಡಿ ಆ ಕಡೆಯಿಂದಲೇ ಹುಬ್ಬಳ್ಳಿಗೆ ವಾಪಸ್ ಆಗಬಹುದು.

ಬ್ಯಾರೆ ತಿಂಗಳಾದ್ರ ಡಂಬಳ, ಗದಗಿಂದ 21 ಕಿಲೋಮೀಟರ್. ದೊಡ್ಡಬಸಪ್ಪ ಗುಡಿ ತಳಪಾಯ 24 ಮೂಲಿ ಇರೋ ನಕ್ಷತ್ರದ ಆಕಾರದಾಗ ಐತಿ, ಹುಡುಗೂರನ್ನ ಬಿಟ್ಟು ಮೂಲಿ ಎಣಿಸಲಿ ಅನ್ರಿ, ಯಾವಾಗಲೂ ಲೆಕ್ಕ ತಪ್ಪತೈತಿ. ಇಟಗಿ ಮಹಾದೇವ ಗುಡಿ ನೋಡಬೇಕು ಅಂತ ಆಸೆ ಬರ್ತೈತಿ, ನನಗೂ ಬರ್ತೈತಿ, ಅದು 1112ರದ್ದು, ಶಾಸನದಾಗ ಅದನ್ನ ದೇವಾಲಯ ಚಕ್ರವರ್ತಿ ಅಂದಾರ. ಆದ್ರ ಕೊಪ್ಪಳ ಜಿಲ್ಲೆಯದ್ದು, ಹಂಪಿ ಟ್ರಿಪ್ಪಿನ ಜೊತಿ ಇಟ್ಕೊಳ್ರಿ.

6. ಮೂರನೇ ದಿನ: ಹಾವೇರಿ ದಿಕ್ಕು, ಇಲ್ಲಿ ಸಂಜಿ ಮುಖ್ಯ

ಮುಂಜಾನೆ ಬಂಕಾಪುರಕ್ಕ, ಬೆಂಗಳೂರು ಹೈವೇ ಹಿಡಿದು ಹೋಗಿ ಸ್ವಲ್ಪ ಒಳಗ ತಿರುಗಬೇಕು. ಕೋಟಿಯೊಳಗ ನವಿಲುಧಾಮ ಐತಿ, 139 ಎಕರೆ. ಎಂಟರೊಳಗ ಹೋದವ್ರಿಗೆ ನವಿಲು, ಹತ್ತರ ಮ್ಯಾಲ ಹೋದವ್ರಿಗೆ ಬರೇ ಕೂಗು, ಅಷ್ಟ ವ್ಯತ್ಯಾಸ. ಅದ ಕೋಟಿಯೊಳಗ ನಗರೇಶ್ವರ ಗುಡಿ, ಮಂದಿ ಅರವತ್ತು ಕಂಬದ ಗುಡಿ ಅಂತಾರ, ಎಣಿಸಿದ್ರ 66 ಅದಾವ. ಗುಡಿ ನೆಲದ ಮಟ್ಟಕ್ಕಿಂತ ತಗ್ಗಿನ್ಯಾಗ ಐತಿ, ಇಳಿದು ಹೋಗಬೇಕು. ಕಂಬ ಎಷ್ಟು ನುಣುಪು ಅಂದ್ರ ಎದುರು ನಿಂತವ್ರ ಮಸುಕು ನೆರಳು ಅದರಾಗ ಕಾಣ್ತೈತಿ.

ಆಮ್ಯಾಲ ಶಿಗ್ಗಾವಿ ತಾಲ್ಲೂಕಿನ್ಯಾಗ ನಿಮ್ಮ ಮನಸ್ಸಿಗೆ ಬಂದದ್ದು ಒಂದು ಆರಿಸ್ರಿ: ಶರೀಫಜ್ಜನ ಶಿಶುವಿನಹಾಳ, ಕನಕದಾಸರು ಹುಟ್ಟಿದ ಬಾಡ, ಇಲ್ಲಾ ಹುಡುಗೂರಿದ್ರ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್. ರಾಕ್ ಗಾರ್ಡನ್‌ದಾಗ ಹಳ್ಳಿ ಬದುಕನ್ನ ಆಳೆತ್ತರದ ಗೊಂಬಿಯೊಳಗ ಮಾಡಿಟ್ಟಾರ, ಬೀಸೋ ಕಲ್ಲು, ಸಂತಿ, ಒಕ್ಕಲುತನ, ನಮ್ಮವ್ವ ಅಲ್ಲಿ ಒಂದು ಗೊಂಬಿ ಮುಂದ ನಿಂತು "ಇಕೀ ಸೀರಿ ಉಟ್ಟಿದ್ದು ಬರೋಬ್ಬರಿ ಐತಿ" ಅಂತ ಸರ್ಟಿಫಿಕೇಟ್ ಕೊಟ್ಟಾಳ. ಶಿಶುವಿನಹಾಳದಾಗ ಹಿಂದೂ-ಮುಸ್ಲಿಂ ಇಬ್ಬರೂ ಗದ್ದುಗಿಗೆ ನಡಕೋತಾರ. 1819ರಾಗ ಹುಟ್ಟಿ 1889ರಾಗ ಹೋದ ಶರೀಫಜ್ಜನ ತತ್ವಪದ ಈಗೂ ಅಲ್ಲಿ ಯಾರರ ಕೂತು ಹಾಡ್ತಿರ್ತಾರ, ನಿಮ್ಮ ನಸೀಬು ಛಲೋ ಇದ್ರ ಏಕತಾರಿ ಸಮೇತ.

ಹಾವೇರಿಯೊಳಗ ಊಟ ಮಾಡಿ ನಾಲ್ಕರ ತನಕ ಕಾಲ ಕಳೀರಿ, ಅವಸರ ಬ್ಯಾಡ. ಯಾಲಕ್ಕಿ ಹಾರ ಮಾಡೋದು ನೋಡಬೇಕಂದ್ರ ಈ ಹೊತ್ತಿಗೆ ನೋಡ್ರಿ, ಒಂದೊಂದ ಯಾಲಕ್ಕಿ ಪೋಣಿಸಿ ಜರಿ ಸುತ್ತಿ ಮಾಡ್ತಾರ, 2023ರ ಜನವರಿಯೊಳಗ ಇಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಊರ ತುಂಬ ಅದ ಘಮ ಇತ್ತು. ದೊಡ್ಡ ಹಾರ ಬೇಕಂದ್ರ ಮುಂಗಡ ಹೇಳಿರಬೇಕು.

ನಾಲ್ಕೂವರಿ ಮ್ಯಾಲ ಪುರದ ಸಿದ್ಧೇಶ್ವರ ಗುಡಿ. ಇದನ್ನ ಸಂಜಿಗೆ ಇಟ್ಟಿದ್ದು ಸುಮ್ಮನಲ್ಲ. ಚಾಲುಕ್ಯರ ಗುಡಿ ಹೆಚ್ಚಾಗಿ ಪೂರ್ವಕ್ಕ ನೋಡ್ತಾವ, ಇದು ಪಶ್ಚಿಮಕ್ಕ ನೋಡತೈತಿ. ಅದಕ್ಕ ಮುಂಜಾನೆ ಬಂದ್ರ ಮುಖ ಕತ್ತಲು, ಸಂಜಿಗೆ ಬಂದ್ರ ಬಿಸಿಲು ಬಾಗಲೊಳಗ ಹಾದು ಕಂಬದ ಮ್ಯಾಲ ಬೀಳತೈತಿ, ಕಲ್ಲು ಬೆಲ್ಲದ ಬಣ್ಣ ಆಗ್ತೈತಿ. ಹದಿನೈದು ನಿಮಿಷದ ಆಟ ಅದು, ಆಮ್ಯಾಲ ಮುಗೀತು. ಕಟ್ಟಿ ಮ್ಯಾಲ ಊರ ಹಿರ್ಯಾರು ಕೂತಿರ್ತಾರ, ನೀವೂ ಕೂಡ್ರಿ.

ನಾಲ್ಕನೇ ದಿನ ಕೈಯಾಗ ಇದ್ರ ವರದಾ-ತುಂಗಭದ್ರಾ ಕೂಡೋ ಗಳಗನಾಥ, ನದಿ ದಂಡಿಯ ಚೌಡದಾನಪುರ, ಹಾನಗಲ್ಲಿನ ತಾರಕೇಶ್ವರ ಗುಡಿಯ ಮಾಳಿಗಿಯ ಕಮಲ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಇವು ಸಾಲುಗಟ್ಟಿ ಅದಾವ. ಹೆಂಗೂ ಮೊದಲನೇ ದಿನ ಚಿಗರಿ ಬಸ್ಸಿನ್ಯಾಗ ತಿರುಗಿರ್ತೀರಿ, ಖರೇ ಚಿಗರಿ ಬೇಕಂದ್ರ ರಾಣೆಬೆನ್ನೂರಿಗೇ ಹೋಗಬೇಕು.

7. ಊರಿಗೆ ಒಯ್ಯೋದು

ಬ್ಯಾಡಗಿ ಮೆಣಸಿನಕಾಯಿ ತಗೊಳ್ರಿ, ಬಣ್ಣ ಜಾಸ್ತಿ, ಖಾರ ಕಮ್ಮಿ. ಬಿಡಿಯಾಗಿ ಹಾವೇರಿ, ಹುಬ್ಬಳ್ಳಿ ಬಜಾರಿನ್ಯಾಗ ಸಿಗತೈತಿ, ಸುಕ್ಕು ಇರೋದು ನೋಡಿ ಆರಿಸ್ರಿ, ಬ್ಯಾಗಿನ್ಯಾಗ ಬಟ್ಟಿ ಜೊತಿ ಇಡಬ್ಯಾಡ್ರಿ, ಬೆಂಗಳೂರು ಮುಟ್ಟೋ ತನಕ ಸೀನ ಬರ್ತಾವ. ಸವಣೂರು ಖಾರ, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲಾ ಕೆಡದಂಗ ವಾರಗಟ್ಟಲೆ ಇರ್ತಾವ. ಖಾದಿ ಬೇಕಂದ್ರ ಹುಬ್ಬಳ್ಳಿ ಬೆಂಗೇರಿಗೆ ಹೋಗ್ರಿ, ಅಲ್ಲಿಯ ಖಾದಿ ಸಂಘದಾಗ ರಾಷ್ಟ್ರಧ್ವಜ ತಯಾರಾಗ್ತಾವ. ಪೇಢೆ ಹೊರಡೋ ದಿನ ಅಂತ ಮೊದಲ ಹೇಳೀನಿ.

ವಾಪಸ್ ಹೋಗೋ ರೈಲು ಹುಬ್ಬಳ್ಳಿಯದಾದ್ರ ಅರ್ಧ ತಾಸು ಮೊದಲ ಬರ್ರಿ. ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನ ಉದ್ದನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಅತೀ ಉದ್ದಂದು, 2023ರ ಮಾರ್ಚ್‌ದಾಗ ಉದ್ಘಾಟನೆ ಆದದ್ದು. ಫೋಟೋಕ್ಕ ಛಲೋ ಐತಿ, ಆದ್ರ ನಿಮ್ಮ ಬೋಗಿ ಆ ತುದಿಗೆ ನಿಲ್ಲೋದಿದ್ದು ನೀವು ಈ ತುದಿಗೆ ಚಾ ಕುಡ್ಕೋತ ನಿಂತಿದ್ರ, ಕೈಯಾಗ ಎರಡು ಬ್ಯಾಗು, ಬಗಲಾಗ ಪೇಢೆ ಡಬ್ಬಿ, ಹೆಗಲ ಮ್ಯಾಲ ನಿದ್ದಿ ಹತ್ತಿದ ಹುಡುಗ, ಓಡ್ರಿ ಮತ್ತ.